ಹದಿನಾಲ್ಕೂವರೆ ಷಿಲಿಂಗಿನ ಹಾಡಿನ ತಟ್ಟೆ

ತಟ್ಟೆಯ ಎರಡನೇ ಮಗ್ಗುಲು, ಮೂರನೆಯ ಹಾಡು. ಗಿಟಾರಿನ ತಂತಿಗಳನ್ನು ಬೆರಳ ತುದಿಯಲ್ಲಿ ಮೀಟುತ್ತ ಒಬ್ಬ ಹುಡುಗ ಹಾಡುತ್ತಿದ್ದಾನೆ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗಬಾರದು ಎಂಬಷ್ಟು ತಗ್ಗಿದ ದನಿ. ನಡುನಡುವೆ ಪಿಯಾನೊ ಒಂದು ಮಾತು ಸೇರಿಸುತ್ತದೆ, ಇನ್ನೊಂದು ಗಿಟಾರು ಹೂಂಗುಡುತ್ತದೆ. ಯಾರಿಗೂ ಅವಸರವಿಲ್ಲ. ನಾಲ್ಕೂವರೆ ನಿಮಿಷಕ್ಕೆ ಹಾಡು ಮುಗಿಯುತ್ತದೆ, ಖಾಲಿ ಗೀರಿನಲ್ಲಿ ಮುಳ್ಳು ಕ್ಷಣಕಾಲ ಚರಚರ ಎನ್ನುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ತಿದಿ ಒತ್ತಿದಂಥ ಮಂದ ಉಸಿರು. ಏನಿದು ಎಂದು ಕಿವಿಯನ್ನು ಹತ್ತಿರ ಒಯ್ಯುವಷ್ಟರಲ್ಲಿ ಗಿಟಾರು, ಸ್ಯಾಕ್ಸೊಫೋನು, ಡ್ರಮ್ಮು ಒಟ್ಟಿಗೇ ಮೈಮೇಲೆ ಬೀಳುತ್ತವೆ. ಹಾಡುಗಾರನ ದನಿ ಒಡೆದ ಲೌಡ್‌ಸ್ಪೀಕರಿನಿಂದ ಹೊರಟಂತೆ ಕೇಳುತ್ತದೆ. ಏಳು ನಿಮಿಷದ ಆ ಆರ್ಭಟ ಅಡಗಿದ ಮೇಲೆ ಬರುವುದು ಕೊಳಲು, ಮತ್ತು ಗಂಗಾಮಾಯಿಯ ಭಜನೆ.

ಈ ಮೂರನ್ನೂ ಒಂದರ ಪಕ್ಕ ಒಂದು ಕೂರಿಸಿದ ತಟ್ಟೆಯ ಹೆಸರು ‘ನೈಸ್ ಎನಫ್ ಟು ಈಟ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ತಿಂದುಬಿಡುವಷ್ಟು ಚೆಂದ. 1969ರ ಕೊನೆಗೆ ಲಂಡನ್ನಿನ ಐಲೆಂಡ್ ರೆಕಾರ್ಡ್ಸ್ ಇದನ್ನು ಹೊರತಂದಿತು. 12 ಕಲಾವಿದರು, ತಲೆಗೊಂದರಂತೆ 12 ಹಾಡು. ಬೆಲೆ 14 ಷಿಲಿಂಗ್ 6 ಪೆನ್ಸ್.

ಆಗ ಬ್ರಿಟನ್ನಿನಲ್ಲಿ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್. ನಾವು 1957ರಲ್ಲೇ ಆಣೆ-ಪೈಗಳನ್ನು ಬಿಟ್ಟು ನಯಾಪೈಸೆಗೆ ಬಂದಿದ್ದರೆ, ಅವರು ಹಳೆಯ ಲೆಕ್ಕವನ್ನು 1971ರ ತನಕ ಬಿಡಲಿಲ್ಲ. ಹದಿನಾಲ್ಕೂವರೆ ಷಿಲಿಂಗ್ ಎಂದರೆ ಮುಕ್ಕಾಲು ಪೌಂಡಿಗೂ ಕಡಿಮೆ. ಒಂದು ಮಾಮೂಲಿ ಲಾಂಗ್‌ಪ್ಲೇ ತಟ್ಟೆಗೆ ಇದರ ಎರಡು ಪಟ್ಟಿಗೂ ಮೀರಿ ಕೊಡಬೇಕಿತ್ತು. ಕೈಖರ್ಚಿನ ಕಾಸು ಕೂಡಿಸುವ ಶಾಲೆಯ ಹುಡುಗ ಹುಡುಗಿಯರ ಕೈಗೆ ಎಟುಕಿದ್ದು ಈ ಬೆಲೆಯ ತಟ್ಟೆ. ಅವರಲ್ಲಿ ಅನೇಕರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ, ಆದರೂ ಆ ತಟ್ಟೆಯನ್ನು ಬಿಟ್ಟಿಲ್ಲ.

ಇಂಥ ತಟ್ಟೆಗಳಿಗೆ ಸ್ಯಾಂಪ್ಲರ್ ಎಂದು ಹೆಸರು. ಸಿಹಿ ಅಂಗಡಿಯ ಯಜಮಾನ ಮೈಸೂರುಪಾಕಿನ ಒಂದು ಚೂರು ಮುರಿದು ಕಾಗದದ ಮೇಲಿಟ್ಟು, ರುಚಿ ನೋಡಿ ಎಂದು ಮುಂದೆ ಚಾಚುತ್ತಾನಲ್ಲ, ಅದೇ ಕೆಲಸ. ಒಂದು ಕಂಪನಿ ತನ್ನ ಬಳಿ ಇರುವ ಕಲಾವಿದರ ಒಂದೊಂದು ಹಾಡನ್ನು ಆರಿಸಿ, ಒಂದೇ ತಟ್ಟೆಯಲ್ಲಿ ಜೋಡಿಸಿ, ಕಡಿಮೆ ಬೆಲೆಗೆ ಬಿಡುತ್ತದೆ. ಹಾಡುಗಳು ಆಗಲೇ ಮುದ್ರಣವಾಗಿರುವುದರಿಂದ ಸ್ಟುಡಿಯೊದ ಖರ್ಚು ಇನ್ನೊಮ್ಮೆ ಇಲ್ಲ. ಕೇಳಿದವರು ಮೆಚ್ಚಿ, ಆ ಕಲಾವಿದರ ಪೂರ್ತಿ ತಟ್ಟೆಯನ್ನು ಪೂರ್ತಿ ಬೆಲೆಗೆ ಕೊಂಡರೆ ಕೆಲಸ ಆಯಿತು. ಹಿಟ್ ಹಾಡುಗಳ ಸಂಕಲನಕ್ಕೂ ಇದಕ್ಕೂ ಅಜಗಜಾಂತರ. ಹಿಟ್ ಸಂಕಲನದಲ್ಲಿ ಜನ ಆಗಲೇ ಮೆಚ್ಚಿದ ಹಾಡುಗಳಿರುತ್ತವೆ. ಸ್ಯಾಂಪ್ಲರಿನಲ್ಲಿ ಇರುವುದು ಯಾರೂ ಇನ್ನೂ ಕೇಳದೆ ಇರುವ ಹಾಡು.

ಯಾರೂ ಯಾಕೆ ಕೇಳಿರಲಿಲ್ಲ? ಅದಕ್ಕೆ ಬ್ರಿಟನ್ನಿನ ರೇಡಿಯೊ ಕಥೆಯನ್ನು ಸ್ವಲ್ಪ ಹೇಳಬೇಕು. ಆಗ ಅಲ್ಲಿ ಬಾನುಲಿ ಎಂದರೆ ಬಿಬಿಸಿ ಒಂದೇ. ಸಂಗೀತಗಾರರ ಸಂಘ ಮತ್ತು ರೆಕಾರ್ಡ್ ಕಂಪನಿಗಳ ಜೊತೆಗಿನ ಒಪ್ಪಂದದ ಪ್ರಕಾರ, ಅಂಗಡಿಯಲ್ಲಿ ಸಿಗುವ ತಟ್ಟೆಗಳನ್ನು ಬಿಬಿಸಿ ದಿನಕ್ಕೆ ಇಂತಿಷ್ಟೇ ಗಂಟೆ ಹಾಕಬಹುದಿತ್ತು. ಇದನ್ನು ‘ನೀಡಲ್ ಟೈಮ್’ ಎನ್ನುತ್ತಿದ್ದರು. ಮುಳ್ಳು ತಟ್ಟೆಯ ಮೇಲಿರುವ ಹೊತ್ತಿಗೆ ಲೆಕ್ಕ ಇಡುವ ಈ ಕಟ್ಟುಪಾಡು ಉಳಿದದ್ದು ಒಂದೆರಡು ವರ್ಷವಲ್ಲ, 1988ರ ತನಕ. ಹೊಸ ಹಾಡಿಗೆ ಹಸಿದ ಹುಡುಗರು ಸಮುದ್ರದಲ್ಲಿ ಹಡಗು ನಿಲ್ಲಿಸಿಕೊಂಡು ಪ್ರಸಾರ ಮಾಡುತ್ತಿದ್ದ ‘ರೇಡಿಯೊ ಕ್ಯಾರೊಲೈನ್’, ‘ರೇಡಿಯೊ ಲಂಡನ್’ಗಳ ಕಡೆಗೆ ಮುಳ್ಳು ತಿರುಗಿಸಿದರು. 1967ರ ಆಗಸ್ಟಿನಲ್ಲಿ ಹೊಸ ಕಾನೂನು ಬಂದು ಅಂಥ ಹೆಚ್ಚಿನ ಹಡಗುಗಳ ಬಾಯಿ ಕಟ್ಟಿತು. ಸೆಪ್ಟೆಂಬರ್ 30ಕ್ಕೆ ಬಿಬಿಸಿಯೇ ‘ರೇಡಿಯೊ 1’ ಆರಂಭಿಸಿತು. ನಮ್ಮಲ್ಲೂ ಹೀಗೇ ಆಗಿತ್ತು. ಸಿನಿಮಾ ಹಾಡಿಗೆ ಆಕಾಶವಾಣಿ ಮುಖ ಸಿಂಡರಿಸಿದಾಗ ದೇಶವೆಲ್ಲ ರೇಡಿಯೊ ಸಿಲೋನಿಗೆ ಕಿವಿಗೊಟ್ಟಿತು, 1957ರಲ್ಲಿ ವಿವಿಧ ಭಾರತಿ ಹುಟ್ಟಿತು.

ಆದರೆ ಹೊಸ ರೇಡಿಯೊ 1ರಲ್ಲೂ ಹಗಲೆಲ್ಲ ಮೂರು ನಿಮಿಷದ ಹಿಟ್ ಹಾಡುಗಳದೇ ರಾಜ್ಯ. ಎಂಟು ನಿಮಿಷದ ಹಾಡು, ಹಳೆಯ ಜಾನಪದಕ್ಕೆ ವಿದ್ಯುತ್ ಗಿಟಾರು ಕೂಡಿಸಿದ ಹಾಡು, ಪಿಸುಮಾತಿನ ಹಾಡು, ಕೊಳಲು ಹಿಡಿದು ಕುಣಿಯುವವನ ಹಾಡು, ಇವಕ್ಕೆ ಜಾಗ ಸಿಗುತ್ತಿದ್ದದ್ದು ಜಾನ್ ಪೀಲ್ ಅವರಂಥ ಒಬ್ಬಿಬ್ಬರು ನಿರೂಪಕರ ಕಾರ್ಯಕ್ರಮಗಳಲ್ಲಿ ಮಾತ್ರ. ಆ ಹೊತ್ತಿಗೆ ರೇಡಿಯೊ ಮುಂದೆ ಕೂರಲಾಗದವನಿಗೆ ಅಂಗಡಿಯ ಕಪಾಟಿನಲ್ಲಿರುವ ತಟ್ಟೆಯೊಳಗೆ ಏನಿದೆ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಎರಡು ಪೌಂಡಿಗೆ ಹತ್ತಿರದ ಹಣ ಕೊಟ್ಟು ಹೆಸರು ಕೇಳದ ತಂಡವೊಂದರ ತಟ್ಟೆ ಕೊಳ್ಳುವ ಧೈರ್ಯ ಯಾರಿಗಿದ್ದೀತು?

ಈ ಕಷ್ಟಕ್ಕೆ ಮೊದಲು ಉಪಾಯ ಹುಡುಕಿದ್ದು ಐಲೆಂಡ್ ಅಲ್ಲ, ಸಿಬಿಎಸ್ ಕಂಪನಿ. 1968ರಲ್ಲಿ ಅದು ‘ದ ರಾಕ್ ಮಷೀನ್ ಟರ್ನ್ಸ್ ಯು ಆನ್’ ಎಂಬ ತಟ್ಟೆಯನ್ನು 14 ಷಿಲಿಂಗ್ 11 ಪೆನ್ಸಿಗೆ ಬಿಟ್ಟಿತು. 15 ಹಾಡುಗಳು. ಬಾಬ್ ಡಿಲನ್, ಸೈಮನ್ ಮತ್ತು ಗಾರ್‌ಫಂಕಲ್, ಲೆನಾರ್ಡ್ ಕೋಹೆನ್ ಮುಂತಾದ ಹೆಸರುಗಳ ಬೆನ್ನಿಗೆ ಮೋಬಿ ಗ್ರೇಪ್, ಸ್ಪಿರಿಟ್, ತಾಜ್ ಮಹಲ್ ಎಂಬ, ಬ್ರಿಟನ್ನಿನಲ್ಲಿ ಹೆಚ್ಚು ಜನ ಕೇಳದ ಹೆಸರುಗಳು. (ತಾಜ್ ಮಹಲ್ ಎಂಬುದು ಅಮೆರಿಕದ ಬ್ಲೂಸ್ ಗಾಯಕರೊಬ್ಬರು ತಾವೇ ಇಟ್ಟುಕೊಂಡ ಹೆಸರು.) ಬರೀ ಜಾಹೀರಾತಿಗೆಂದು ಮಾಡಿದ ತಟ್ಟೆ ಮರುವರ್ಷ ಬ್ರಿಟನ್ನಿನ ಆಲ್ಬಂ ಪಟ್ಟಿಯ ಮೊದಲ ಇಪ್ಪತ್ತರೊಳಗೆ ಬಂತು.

ಐಲೆಂಡ್ ಕಂಪನಿಯ ಹುಟ್ಟು ಜಮೈಕಾದಲ್ಲಿ, 1959ರಲ್ಲಿ. ಅದನ್ನು ಕಟ್ಟಿದ ಕ್ರಿಸ್ ಬ್ಲ್ಯಾಕ್‌ವೆಲ್ 1962ರಲ್ಲಿ ಲಂಡನ್ನಿಗೆ ಬಂದು, ಅಲ್ಲಿ ನೆಲೆಸಿದ್ದ ಜಮೈಕಾದ ಜನರಿಗಾಗಿ ತಮ್ಮ ಪುಟ್ಟ ಮಿನಿ ಕಾರಿನಲ್ಲಿ ತಟ್ಟೆಗಳನ್ನು ತುಂಬಿಕೊಂಡು ಅಂಗಡಿ ಅಂಗಡಿ ಸುತ್ತಿ ಮಾರುತ್ತಿದ್ದರು. ಅರುವತ್ತರ ದಶಕದ ಕೊನೆಗೆ ಅವರ ಸುತ್ತ ಬೇರೆಯೇ ಬಗೆಯ ಗುಂಪು ಸೇರಿತ್ತು. ಹಳ್ಳಿಯೊಂದರ ಒಂಟಿಮನೆಯಲ್ಲಿ ಒಟ್ಟಿಗೇ ಇದ್ದುಕೊಂಡು ಹಾಡು ಕಟ್ಟುವ ಟ್ರಾಫಿಕ್, ಇಂಗ್ಲಿಷ್ ಜಾನಪದವನ್ನು ಹೊಸದಾಗಿ ನುಡಿಸುವ ಫೇರ್‌ಪೋರ್ಟ್ ಕನ್ವೆನ್ಷನ್, ಹದಿನೇಳರ ಹರೆಯದ ಆಂಡಿ ಫ್ರೇಸರ್ ಬೇಸ್ ಗಿಟಾರು ನುಡಿಸುತ್ತಿದ್ದ ಫ್ರೀ. ಈ ವಾರದ ಪಟ್ಟಿಯಲ್ಲಿ ತಮ್ಮ ಹಾಡು ಎಷ್ಟನೆಯದು ಎಂಬ ಚಿಂತೆ ಇವರಿಗೆ ಕಡಿಮೆ. ಕಂಪನಿಯೂ ಹಿಂದೆ ಬಿದ್ದು ಹಿಟ್ ಹಾಡು ಕೇಳುತ್ತಿರಲಿಲ್ಲ. ತಟ್ಟೆಯ ನಡುವಿನ ಗುಲಾಬಿ ಬಣ್ಣದ ಚೀಟಿ ನೋಡಿದರೆ ಸಾಕು, ಒಳಗಿನದು ಇಂಥ ಜಾತಿಯ ಸಂಗೀತ ಎಂದು ಅಂಗಡಿಗೆ ಬಂದವರಿಗೆ ತಿಳಿಯುತ್ತಿತ್ತು.

1969ರಲ್ಲೇ ಐಲೆಂಡಿನ ಮೊದಲ ರಾಕ್ ಸ್ಯಾಂಪ್ಲರ್ ‘ಯು ಕ್ಯಾನ್ ಆಲ್ ಜಾಯಿನ್ ಇನ್’ ಬಂತು. ಹೊದಿಕೆಯ ಮೇಲೆ ಹೈಡ್ ಪಾರ್ಕಿನಲ್ಲಿ ತೆಗೆದ ಗುಂಪು ಫೋಟೊ. ಆ ಹೊದಿಕೆ ಮಾಡಿದ ಹಿಪ್ನೋಸಿಸ್ ಸಂಸ್ಥೆಯೇ ಮುಂದೆ ಪಿಂಕ್ ಫ್ಲಾಯ್ಡ್ ತಂಡದ ಹೆಸರಾಂತ ಹೊದಿಕೆಗಳನ್ನು ಮಾಡಿತು. ಫೋಟೊದಲ್ಲಿ ಐಲೆಂಡಿನ ಕಲಾವಿದರೆಲ್ಲ ನಿದ್ದೆಗಣ್ಣಿನಲ್ಲಿ ನಿಂತಿದ್ದಾರೆ. ಮದುವೆ ಮನೆಯಲ್ಲಿ ಬೆಳಗಿನ ಕಾಫಿಗೆ ಕಾದು ನಿಂತ ನೆಂಟರ ಹಾಗೆ, ಯಾರೂ ಕ್ಯಾಮೆರಾಕ್ಕೆಂದು ತಲೆ ಬಾಚಿಕೊಂಡಂತಿಲ್ಲ. ತಾರೆಯರಂತೆ ಬೆಳಕಿನಲ್ಲಿ ಹೊಳೆಯುವ ಮುಖಗಳನ್ನು ನೋಡಿ ರೂಢಿಯಾಗಿದ್ದ ಹುಡುಗರಿಗೆ ಇವರು ತಮ್ಮ ಓಣಿಯ ಅಣ್ಣ ಅಕ್ಕಂದಿರಂತೆ ಕಂಡಿರಬೇಕು. ಎಲ್ಲರೂ ಬನ್ನಿ, ಸೇರಿಕೊಳ್ಳಿ ಎಂಬ ಹೆಸರಿಗೆ ಇದಕ್ಕಿಂತ ಒಪ್ಪುವ ಚಿತ್ರ ಸಿಗಲಾರದು.

‘ನೈಸ್ ಎನಫ್ ಟು ಈಟ್’ ಇದರ ತಂಗಿ. ಅಕ್ಕನಿಗಿಂತ ತಂಗಿಯೇ ಒಂದು ಕೈ ಮೇಲು.

ಮೊದಲ ಹಾಡು ಫೇರ್‌ಪೋರ್ಟ್ ತಂಡದ ‘ಕೇಜನ್ ವುಮನ್’. ಪಿಟೀಲಿನ ಕುಣಿತ, ಕಾಲು ತಾನಾಗಿ ತಾಳ ಹಾಕುವಂಥ ಲಯ. ಆ ಲಯ ಹಾಕಿದವನು ಹತ್ತೊಂಬತ್ತರ ಮಾರ್ಟಿನ್ ಲ್ಯಾಂಬಲ್. 1969ರ ಮೇ 12ರಂದು, ಕಛೇರಿ ಮುಗಿಸಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಲಂಡನ್ನಿಗೆ ಮರಳುತ್ತಿದ್ದಾಗ ಎಂ1 ಹೆದ್ದಾರಿಯಲ್ಲಿ ತಂಡದ ವ್ಯಾನು ಉರುಳಿತು. ಲ್ಯಾಂಬಲ್ ಮತ್ತು ತಂಡದ ಜೊತೆಗಿದ್ದ ಜೀನಿ ಫ್ರಾಂಕ್ಲಿನ್ ಪ್ರಾಣ ಬಿಟ್ಟರು. ಸ್ಯಾಂಪ್ಲರ್ ಅಂಗಡಿಗೆ ಬರುವ ಹೊತ್ತಿಗೆ ಆ ತಾಳದ ಕೈ ಇರಲಿಲ್ಲ. ಗೊತ್ತಿಲ್ಲದೆ ಕೇಳಿದವರಿಗೆ ಅದು ಬರೀ ಉಲ್ಲಾಸದ ಹಾಡು. ಗೊತ್ತಾದ ಮೇಲೆ ಕೇಳುವುದು ಬೇರೆ. ಇದೇ ತಂಡದ ‘ಮೀಟ್ ಆನ್ ದ ಲೆಜ್’ ಅಕ್ಕನ ತಟ್ಟೆಯಲ್ಲಿತ್ತು. ಇಂಗ್ಲೆಂಡಿನ ಕ್ರಾಪ್ರಡಿ ಹಳ್ಳಿಯಲ್ಲಿ ತಂಡ ನಡೆಸುವ ಬೇಸಿಗೆ ಉತ್ಸವದಲ್ಲಿ ಇಂದಿಗೂ ಕೊನೆಯ ಹಾಡು ಅದೇ, ನೆರೆದವರೆಲ್ಲ ದನಿಗೂಡಿಸುತ್ತಾರೆ.

ಮುಂದೆ ಮಾಟ್ ದ ಹೂಪಲ್. ಆಮೇಲೆ ಸ್ಪೂಕಿ ಟೂತ್ ತಂಡದ ಹಾಡೊಂದು, ಅದನ್ನು 1978ರಲ್ಲಿ ಜೂಡಾಸ್ ಪ್ರೀಸ್ಟ್ ತಂಡ ಮತ್ತೆ ಹಾಡಿತು. ಆ ಹೊಸ ಆವೃತ್ತಿಯಲ್ಲಿ ಗುಪ್ತ ಸಂದೇಶ ಅಡಗಿದೆ ಎಂಬ ಆರೋಪ 1990ರಲ್ಲಿ ಅಮೆರಿಕದ ನೆವಾಡಾದ ನ್ಯಾಯಾಲಯದ ಮೆಟ್ಟಿಲು ಹತ್ತಿ ಬಿದ್ದುಹೋಯಿತು. ನಾಲ್ಕನೆಯದು ಜೆಥ್ರೋ ಟಲ್ ತಂಡದ ‘ವಿ ಯೂಸ್ಡ್ ಟು ನೋ’. ಒಂಟಿ ಕಾಲಲ್ಲಿ ನಿಂತು ಕೊಳಲೂದುವ ಇಯಾನ್ ಆಂಡರ್ಸನ್ ಕನ್ನಡಿಗರಿಗೆ ತೀರಾ ಅಪರಿಚಿತರಲ್ಲ. ಈ ತಂಡ ಬೆಂಗಳೂರಿಗೂ ಬಂದು ನುಡಿಸಿದೆ. ಈ ಹಾಡಿನ ಸ್ವರಗುಚ್ಛಗಳು ಸಾಗುವ ದಾರಿಗೂ ಕೆಲವು ವರ್ಷಗಳ ನಂತರ ಬಂದ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ಕ್ಕೂ ಇರುವ ಹೋಲಿಕೆ ಬಹಳ ಜನರ ಕಿವಿಗೆ ಬಿದ್ದಿದೆ. ಎರಡು ತಂಡಗಳೂ 1972ರಲ್ಲಿ ಒಟ್ಟಿಗೆ ಪ್ರವಾಸ ಮಾಡಿದ್ದವು. ಕಳವು ಎಂದು ಆಂಡರ್ಸನ್ ಯಾವತ್ತೂ ದೂರಲಿಲ್ಲ.

ಮೊದಲ ಮಗ್ಗುಲಿನ ಕೊನೆಗೆ ಹೆವಿ ಜೆಲ್ಲಿ ಎಂಬ ತಂಡ. ಇದರ ಹುಟ್ಟೇ ಒಂದು ಕಥೆ. ಲಂಡನ್ನಿನ ‘ಟೈಮ್ ಔಟ್’ ಪತ್ರಿಕೆ ಇಲ್ಲದ ತಂಡವೊಂದರ ಇಲ್ಲದ ತಟ್ಟೆಗೆ ತಮಾಷೆಗೆಂದು ವಿಮರ್ಶೆ ಅಚ್ಚು ಹಾಕಿತು. ಓದಿದವರು ಅಂಗಡಿಗೆ ಹೋಗಿ ಆ ತಟ್ಟೆ ಕೊಡಿ ಎಂದರು. ಆಗ ಸ್ಕಿಪ್ ಬಿಫರ್ಟಿ ಎಂಬ ತಂಡದವರು ಆ ಹೆಸರನ್ನೇ ತೊಟ್ಟುಕೊಂಡು ಎಂಟು ನಿಮಿಷದ ಹಾಡೊಂದನ್ನು ಮುದ್ರಿಸಿದರು. ಯಾವ ರೇಡಿಯೊ ಎಂಟು ನಿಮಿಷ ಬಿಟ್ಟುಕೊಟ್ಟೀತು? ಆ ಹಾಡು ಜನರ ಮನೆ ಸೇರಿದ್ದೇ ಈ ಸ್ಯಾಂಪ್ಲರಿನಿಂದ.

ಎರಡನೆಯ ಮಗ್ಗುಲಿಗೆ ಮರಳಿದರೆ, ಆ ಪಿಸುಮಾತಿನ ಹುಡುಗ. ಅವನ ಹೆಸರು ನಿಕ್ ಡ್ರೇಕ್. ಹಾಡು ‘ಟೈಮ್ ಹ್ಯಾಸ್ ಟೋಲ್ಡ್ ಮಿ’.

ಡ್ರೇಕ್ ಹುಟ್ಟಿದ್ದು 1948ರಲ್ಲಿ, ರಂಗೂನಿನಲ್ಲಿ. ತಂದೆ ರಾಡ್ನಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಎಂಜಿನಿಯರ್. ತಾಯಿ ಮಾಲಿ ಹುಟ್ಟಿದ್ದೂ ರಂಗೂನಿನಲ್ಲೇ. 1942ರಲ್ಲಿ ಜಪಾನಿನ ಸೇನೆ ಬರ್ಮಾಕ್ಕೆ ನುಗ್ಗಿದಾಗ ಮಾಲಿ ತಮ್ಮ ಸಹೋದರಿ ನ್ಯಾನ್ಸಿಯ ಜೊತೆ ಭಾರತಕ್ಕೆ ಬಂದು ದೆಹಲಿಯಲ್ಲಿ ಆಶ್ರಯ ಪಡೆದರು. ಅಲ್ಲಿ ಇಬ್ಬರೂ ‘ಲಾಯ್ಡ್ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ ಆಲ್ ಇಂಡಿಯಾ ರೇಡಿಯೊದಲ್ಲಿ ಹಾಡುತ್ತಿದ್ದರು. (ಆಕಾಶವಾಣಿ ಎಂಬ ಹೆಸರು ಆಗಿನ್ನೂ ಮೈಸೂರಿನ ಕೇಂದ್ರದ್ದೇ.) ಮುಂದೆ ಇಂಗ್ಲೆಂಡಿನ ಟ್ಯಾನ್‌ವರ್ತ್ ಎಂಬ ಹಳ್ಳಿಯಲ್ಲಿ ನೆಲೆಸಿದ ಮೇಲೆ ಮಾಲಿ ಮನೆಯ ಪಿಯಾನೊ ಮುಂದೆ ಕೂತು ತಾವೇ ಕಟ್ಟಿದ ಹಾಡುಗಳನ್ನು ಹಾಡಿಕೊಳ್ಳುತ್ತಿದ್ದರು, ರಾಡ್ನಿ ಅವನ್ನು ಟೇಪಿಗೆ ಹಾಕಿಡುತ್ತಿದ್ದರು. ಮಾರಾಟಕ್ಕಲ್ಲ, ಹೆಸರಿಗಲ್ಲ. ಅವು ಹೊರಜಗತ್ತಿಗೆ ಸರಿಯಾಗಿ ತಲುಪಿದ್ದು 2013ರಲ್ಲಿ, ಮಾಲಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ. ಕೇಳಿದವರಿಗೆ ಮಗನ ತಗ್ಗುದನಿಯ ಮೂಲ ಎಲ್ಲಿತ್ತು ಎಂಬುದು ಆಗ ಹೊಳೆಯಿತು.

ಮಗನ ಮೊದಲ ತಟ್ಟೆ ‘ಫೈವ್ ಲೀವ್ಸ್ ಲೆಫ್ಟ್’ 1969ರ ಜುಲೈಯಲ್ಲಿ ಬಂತು. ನಿರ್ಮಾಪಕರು ಜೋ ಬಾಯ್ಡ್. ಅದರ ಮೊದಲ ಹಾಡೇ ‘ಟೈಮ್ ಹ್ಯಾಸ್ ಟೋಲ್ಡ್ ಮಿ’. ಹೂಂಗುಡುವ ಆ ಗಿಟಾರು ಫೇರ್‌ಪೋರ್ಟ್ ತಂಡದ ರಿಚರ್ಡ್ ಥಾಂಪ್ಸನ್ ಅವರದು. ಡ್ರೇಕ್ ಮಾಡಿದ್ದು ಒಟ್ಟು ಮೂರೇ ತಟ್ಟೆ. ಬದುಕಿದ್ದಾಗ ಯಾವುದೂ ಐದು ಸಾವಿರ ಪ್ರತಿ ದಾಟಲಿಲ್ಲ. ವೇದಿಕೆ ಎಂದರೆ ಆತನಿಗೆ ಹಿಂಸೆ, ಸಂದರ್ಶನ ಎಂದರೆ ಮೌನ. 1974ರ ನವೆಂಬರಿನಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಹೆತ್ತವರ ಮನೆಯಲ್ಲೇ ತೀರಿಕೊಂಡ.

ಅಂಥವನ ಹಾಡು ಆ ಕಾಲದಲ್ಲಿ ಜನರ ಕಿವಿಗೆ ಬಿದ್ದದ್ದಾದರೂ ಎಲ್ಲಿ? ಬಹುಪಾಲು ಈ ಸ್ಯಾಂಪ್ಲರುಗಳಲ್ಲೇ. 1970ರ ‘ಬಂಪರ್ಸ್’ನಲ್ಲಿ ಆತನ ಇನ್ನೊಂದು ಹಾಡಿತ್ತು, 1971ರ ‘ಎಲ್ ಪೀ’ಯಲ್ಲಿ ಮತ್ತೊಂದು. ಆತನ ಹೆಸರಿನ ತಟ್ಟೆಯನ್ನು ಅಂಗಡಿಯಲ್ಲಿ ಕಣ್ಣೆತ್ತಿ ನೋಡದವರ ಮನೆಯಲ್ಲೂ ಆತನ ಒಂದು ಹಾಡು, ಜೆಥ್ರೋ ಟಲ್ ಮತ್ತು ಫ್ರೀಗಳ ನೆರೆಯಲ್ಲಿ, ಸದ್ದಿಲ್ಲದೆ ಸೇರಿಕೊಂಡಿತ್ತು. ಜೋ ಬಾಯ್ಡ್ ತಮ್ಮ ಕಂಪನಿಯನ್ನು ಐಲೆಂಡಿಗೆ ಮಾರುವಾಗ ಒಂದು ಷರತ್ತು ಹಾಕಿದರು: ಮಾರಾಟ ಆಗಲಿ ಬಿಡಲಿ, ಡ್ರೇಕ್‌ನ ತಟ್ಟೆಗಳನ್ನು ಪಟ್ಟಿಯಿಂದ ತೆಗೆಯಕೂಡದು. ಐಲೆಂಡ್ ಮಾತಿಗೆ ತಪ್ಪಲಿಲ್ಲ. ಕಾಲು ಶತಮಾನ ಕಳೆದು, 1999ರಲ್ಲಿ ಕಾರು ಕಂಪನಿಯೊಂದು ಆತನ ‘ಪಿಂಕ್ ಮೂನ್’ ಹಾಡನ್ನು ಜಾಹೀರಾತಿಗೆ ಬಳಸಿದಾಗ ಹೊಸ ಪೀಳಿಗೆ ಅಂಗಡಿಗೆ ಓಡಿತು. ತಟ್ಟೆ ಕಪಾಟಿನಲ್ಲೇ ಇತ್ತು. ಸ್ಯಾಂಪ್ಲರ್ ಕೇಳಿ ಬೆಳೆದವರು ಆ ಓಟವನ್ನು ನೋಡಿ ನಿಂತರು. ಅವರಿಗೆ ಈ ದನಿ ಮೂವತ್ತು ವರ್ಷದ ಒಡನಾಡಿ.

ಡ್ರೇಕ್ ಆದ ಮೇಲೆ ಎರಗುವ ಗುಡುಗು ಕಿಂಗ್ ಕ್ರಿಮ್ಸನ್ ತಂಡದ ‘ಟ್ವೆಂಟಿಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’. ಅದರ ಮೂಲ ತಟ್ಟೆ ಹೊರಬಂದದ್ದು 1969ರ ಅಕ್ಟೋಬರ್ 10ರಂದು. ಸ್ಯಾಂಪ್ಲರಿಗೆ ಬರುವಾಗ ಅದು ಬಾಣಲೆಯಿಂದ ಆಗತಾನೆ ತೆಗೆದ ಬಿಸಿ ಹಾಡು. ನಲವತ್ತು ವರ್ಷದ ನಂತರ, 2010ರಲ್ಲಿ, ಅಮೆರಿಕದ ರಾಪ್ ಗಾಯಕ ಕಾನ್ಯೆ ವೆಸ್ಟ್ ಇದರ ಒಂದು ತುಣುಕನ್ನು ಕತ್ತರಿಸಿ ತಮ್ಮ ‘ಪವರ್’ ಹಾಡಿನೊಳಗೆ ಹೊಲಿದರು. ಹಾಗೆ ತುಣುಕು ತೆಗೆಯುವುದಕ್ಕೂ ಈಗ ಸ್ಯಾಂಪಲ್ ಎಂದೇ ಹೆಸರು.

ಗಂಗಾಮಾಯಿಯ ಭಜನೆ ಕ್ವಿಂಟೆಸೆನ್ಸ್ ತಂಡದ್ದು. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕೂಡಿದ ಈ ತಂಡದ ಕೊಳಲುಗಾರನ ಹೆಸರು ರಾಜಾ ರಾಮ್, ಗಾಯಕನ ಹೆಸರು ಶಿವ ಶಂಕರ್ ಜೋನ್ಸ್. ಇಬ್ಬರೂ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ; ಹೆಸರುಗಳು ಲಂಡನ್ನಿನ ಸ್ವಾಮಿ ಅಂಬಿಕಾನಂದರ ಶಿಷ್ಯರಾದ ಮೇಲೆ ಬಂದವು. ತಂಡದ ತಟ್ಟೆಯನ್ನು ನಿರ್ಮಿಸಿದ ಜಾನ್ ಬಾರಮ್ ಪಂಡಿತ್ ರವಿಶಂಕರ್ ಅವರ ಬಳಿ ಕಲಿತವರು. ನಮ್ಮ ಕಿವಿಗೆ ಆ ಭಜನೆಯ ಉಚ್ಚಾರ ಒರಟು, ರಾಗಭಾವ ತೆಳು. ಆದರೆ ಒಂದೇ ಸಾಲನ್ನು ಸುತ್ತಿ ಸುತ್ತಿ ಹಾಡುತ್ತ ಹಾಡುತ್ತ ಮೈಮರೆಯುವ ನಮ್ಮ ಭಜನೆಯ ಗುಟ್ಟು ಅವರಿಗೆ ಸಿಕ್ಕಿದೆ. ಕ್ರಿಮ್ಸನ್ನಿನ ಗದ್ದಲದಿಂದ ಕಿವಿ ಗುಂಯ್ಗುಡುತ್ತಿರುವಾಗ ಈ ಹಾಡು ಬಂದರೆ, ಸಂತೆಯಿಂದ ಹೊರಬಂದು ಹೊಳೆಯ ದಂಡೆಯಲ್ಲಿ ಕೂತಂತೆ ಆಗುತ್ತದೆ. ರಾಜಾ ರಾಮ್ ಮುಂದೆ ಗೋವಾ ಟ್ರಾನ್ಸ್ ಎಂಬ ಕುಣಿತದ ಸಂಗೀತದ ಹಿರಿಯರಲ್ಲಿ ಒಬ್ಬರಾದರು.

ಕೊನೆಯ ಹಾಡು ಡಬ್ಲಿನ್ನಿನ ಡಾಕ್ಟರ್ ಸ್ಟ್ರೇಂಜ್ಲಿ ಸ್ಟ್ರೇಂಜ್ ಎಂಬ ತಂಡದ್ದು. ಅಡುಗೆಮನೆಯ ಮೇಜಿನ ಸುತ್ತ ಕೂತು ಹಾಡಿದಂಥ, ಅಲ್ಲಲ್ಲಿ ತಡವರಿಸುವ, ಸಡಿಲವಾದ ಹಾಡು. ಯಾವ ವ್ಯಾಪಾರಿಯೂ ಇಂಥ ಹಾಡನ್ನು ಕೊನೆಗಿಡಲಾರ. ತಟ್ಟೆಯನ್ನು ಜೋಡಿಸಿದವರು ಇಟ್ಟರು.

ಈ ತಟ್ಟೆಯ ಆಕರ್ಷಣೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇಲ್ಲೇ ಇದೆ. ಒಂದೇ ತಂಡದ ತಟ್ಟೆಯಲ್ಲಿ ಮುಂದಿನ ಹಾಡು ಹೇಗಿದ್ದೀತೆಂಬ ಅಂದಾಜು ಸಿಗುತ್ತದೆ. ಇಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ಊರು ಬೇರೆ, ದನಿ ಬೇರೆ, ವೇಗ ಬೇರೆ. ಒಟ್ಟಿಗೆ ಹಿಡಿದಿಡುವ ದಾರ ಒಂದೇ: ಯಾರೋ ಸಂಗೀತ ಬಲ್ಲವರು ಮೆಚ್ಚಿ ಆರಿಸಿದ್ದಾರೆ ಎಂಬುದು. ಕೇಳುವವರಾದರೂ ಹಣವಿಲ್ಲದ ಹುಡುಗರು. ಮನೆಯಲ್ಲಿ ಮೂರೋ ನಾಲ್ಕೋ ತಟ್ಟೆ. ಇಷ್ಟವಾದ ಹಾಡನ್ನು ಮಾತ್ರ ಕೇಳೋಣವೆಂದರೆ ಎದ್ದು ಹೋಗಿ ಮುಳ್ಳು ಎತ್ತಿ ಸರಿಯಾದ ಗೀರಿನಲ್ಲಿ ಇಳಿಸಬೇಕು, ಕೈ ಜಾರಿದರೆ ತಟ್ಟೆ ಹಾಳು. ಹಾಗಾಗಿ ಮೊದಲಿನಿಂದ ಕೊನೆಯ ತನಕ, ವಾರಗಟ್ಟಲೆ, ತಿಂಗಳುಗಟ್ಟಲೆ ಅದನ್ನೇ ಕೇಳಿದರು. ಮೊದಲ ಸಲ ಬೇಡವೆನಿಸಿದ ಹಾಡು ಇಪ್ಪತ್ತನೆಯ ಸಲಕ್ಕೆ ಹತ್ತಿರವಾಯಿತು. ಬಿಡಿ ರುಚಿ ತೋರಿಸಲೆಂದು ಮಾಡಿದ ತಟ್ಟೆ, ಅವರ ಮಟ್ಟಿಗೆ ಪೂರ್ತಿ ಊಟವೇ ಆಯಿತು.

ಹಾಡುಗಳ ಕ್ರಮವೂ ಮನಸ್ಸಿನಲ್ಲಿ ಅಚ್ಚೊತ್ತಿತು. ಭಾವಗೀತೆಯ ಕ್ಯಾಸೆಟ್ ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಹಾಡು ಮುಗಿಯುತ್ತಿದ್ದಂತೆ ಮುಂದಿನದರ ಮೊ‌ದಲ ಸ್ವರ ಕಿವಿಯೊಳಗೇ ಶುರುವಾಗುತ್ತದೆ. ಬೇರೆಲ್ಲೋ ಆ ಹಾಡು ಕೇಳಿ, ಹಿಂದೆ ಬೇರೆ ಹಾಡು ಬಂದರೆ ಎಡವಿದ ಹಾಗಾಗುತ್ತದೆ. ಐಲೆಂಡ್ ಸ್ಯಾಂಪ್ಲರಿನ ಮಕ್ಕಳಿಗೆ ಇಂದಿಗೂ ಡ್ರೇಕ್‌ನ ಹಾಡು ನಿಂತ ಕೂಡಲೇ ಆ ತಿದಿಯ ಉಸಿರು ಬೇಕು.

ಅತ್ತ ಅಮೆರಿಕದಲ್ಲಿ ಇದೇ ಕೆಲಸವನ್ನು ಇನ್ನಷ್ಟು ಬಿಚ್ಚುಮನಸ್ಸಿನಿಂದ ಮಾಡಿದವರು ವಾರ್ನರ್ ಬ್ರದರ್ಸ್ ಕಂಪನಿಯ ಸ್ಟ್ಯಾನ್ ಕಾರ್ನಿನ್. 1969ರಿಂದ 1980ರ ತನಕ ‘ಲಾಸ್ ಲೀಡರ್ಸ್’ ಎಂಬ ಮಾಲೆಯಲ್ಲಿ ಅವರ ಕಂಪನಿ ಮೂವತ್ತಕ್ಕೂ ಹೆಚ್ಚು ಸ್ಯಾಂಪ್ಲರುಗಳನ್ನು ಬಿಟ್ಟಿತು. ಗಿರಾಕಿಯನ್ನು ಒಳಗೆ ಕರೆಯಲು ಅಂಗಡಿಯವರು ಒಂದು ಸಾಮಾನನ್ನು ಅಸಲಿಗಿಂತ ಕಡಿಮೆಗೆ ಕೊಡುತ್ತಾರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಇದು. ನಷ್ಟದ ಮಾಲು ಎಂಬುದನ್ನು ಅವರು ಮಾಲೆಯ ಹೆಸರಿನಲ್ಲೇ ಹೇಳಿಬಿಟ್ಟರು. ಇವು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಎರಡು ತಟ್ಟೆಯ ಜೋಡಿಗೆ ಎರಡು ಡಾಲರ್ ಅಂಚೆಯಲ್ಲಿ ಕಳಿಸಿದರೆ ಮನೆಗೆ ಬರುತ್ತಿತ್ತು. ಜೋನಿ ಮಿಚೆಲ್, ನೀಲ್ ಯಂಗ್, ರ‍್ಯಾಂಡಿ ನ್ಯೂಮನ್ ಮೊದಲಾದವರ ಹಾಡುಗಳ ಜೊತೆಗೆ ಮನೆಯವರೊಡನೆ ಹರಟೆ ಹೊಡೆಯುವ ಧಾಟಿಯ ಟಿಪ್ಪಣಿಗಳೂ ಇರುತ್ತಿದ್ದವು.

ಕಾರ್ನಿನ್ ಅವರ ಮನೋಧರ್ಮ ತಿಳಿಯಲು ಒಂದು ಸಂಗತಿ ಸಾಕು. ವ್ಯಾನ್ ಡೈಕ್ ಪಾರ್ಕ್ಸ್ ಅವರ ‘ಸಾಂಗ್ ಸೈಕಲ್’ ತಟ್ಟೆಯನ್ನು ವಿಮರ್ಶಕರು ಕೊಂಡಾಡಿದರು, ಜನ ಕೊಳ್ಳಲಿಲ್ಲ. ವರ್ಷದ ಅತ್ಯುತ್ತಮ ತಟ್ಟೆಯಿಂದ ನಾವು 35,509 ಡಾಲರ್ 50 ಸೆಂಟ್ ಕಳೆದುಕೊಂಡೆವು ಎಂದು ಕಾರ್ನಿನ್ ಪತ್ರಿಕೆಗಳಲ್ಲಿ ಜಾಹೀರಾತೇ ಕೊಟ್ಟರು. ಅದರ ಬೆನ್ನಿಗೆ ಇನ್ನೊಂದು: ಕೇಳಿ ಕೇಳಿ ಸವೆದ ನಿಮ್ಮ ಪ್ರತಿಯನ್ನು ಕಳಿಸಿ, ಒಂದು ಸೆಂಟಿಗೆ ಎರಡು ಹೊಸ ಪ್ರತಿ ಕೊಡುತ್ತೇವೆ, ಒಂದು ನಿಮಗೆ, ಇನ್ನೊಂದು ನಿಮ್ಮ ಬಡ ಗೆಳೆಯನಿಗೆ.

ಸ್ಯಾಂಪ್ಲರಿನ ಉಪಾಯ ಕ್ಯಾಸೆಟ್ಟಿಗೂ ಬಂತು. 1986ರಲ್ಲಿ ಬ್ರಿಟನ್ನಿನ ‘ಎನ್‌ಎಂಇ’ ವಾರಪತ್ರಿಕೆ ಸಣ್ಣಪುಟ್ಟ ಕಂಪನಿಗಳ 22 ತಂಡಗಳನ್ನು ಆರಿಸಿ ‘ಸಿ86’ ಎಂಬ ಕ್ಯಾಸೆಟ್ ಮಾಡಿತು. ಆ ಕ್ಯಾಸೆಟ್ಟಿನ ಹೆಸರೇ ಮುಂದೆ ಒಂದು ಬಗೆಯ ಗಿಟಾರು ಸಂಗೀತಕ್ಕೆ ಹೆಸರಾಯಿತು. ಅಂಗಡಿಯವನು ಕೊಟ್ಟ ಚೂರಿನಿಂದಲೇ ತಿಂಡಿಗೆ ಹೆಸರು ಬಂದ ಹಾಗೆ.

ಹಳೆಯ ಸ್ಯಾಂಪ್ಲರನ್ನು ಇದ್ದಂತೆಯೇ ಮರುಮುದ್ರಿಸುವುದು ಸುಲಭವಲ್ಲ. ಹನ್ನೆರಡು ಹಾಡಿನ ಹಕ್ಕು ಇಂದು ಬೇರೆ ಬೇರೆ ಕೈಗಳಲ್ಲಿರುತ್ತದೆ. ತೊಂಬತ್ತರ ದಶಕದಲ್ಲಿ ಐಲೆಂಡ್ ಅಕ್ಕತಂಗಿಯರಿಬ್ಬರನ್ನೂ ಬೆರೆಸಿ ‘ನೈಸ್ ಎನಫ್ ಟು ಜಾಯಿನ್ ಇನ್’ ಎಂಬ ಒಂದೇ ಸಿಡಿ ತಂದಿತು. 2005ರಲ್ಲಿ ಬಂದ ಮೂರು ಸಿಡಿಗಳ ಐಲೆಂಡ್ ಸಂಕಲನಕ್ಕೆ ಹೆಸರು ಕೊಟ್ಟದ್ದು ಡಬ್ಲಿನ್ ತಂಡದ ಆ ಕೊನೆಯ ಸಡಿಲ ಹಾಡು. ಮೊಬೈಲಿನಲ್ಲಿ ಹನ್ನೆರಡೂ ಹಾಡುಗಳನ್ನು ಹುಡುಕಿ ಅದೇ ಕ್ರಮದಲ್ಲಿ ಜೋಡಿಸಿಕೊಳ್ಳುವವರೂ ಇದ್ದಾರೆ. ಕೇಳುವುದಕ್ಕೆ ಅದು ಸಾಕು. ಆದರೂ ಕೈಯಲ್ಲಿ ಹಿಡಿಯುವ ತಟ್ಟೆಯ ಆಸೆ ಕೆಲವರಿಗೆ ಹೋಗುವುದಿಲ್ಲ.

ಅಂಥವರಿಗೆ ಒಂದು ಸಮಾಧಾನ ಇದೆ. ಗುಲಾಬಿ ಚೀಟಿಯ ‘ಫೈವ್ ಲೀವ್ಸ್ ಲೆಫ್ಟ್’ ತಟ್ಟೆಯ ಮೊದಲ ಮುದ್ರಣ ಇವತ್ತು ಸಂಗ್ರಾಹಕರ ನಡುವೆ ಸಾವಿರ ಪೌಂಡ್ ದಾಟುತ್ತದೆ. ಅದೇ ವರ್ಷ, ಅದೇ ಗುಲಾಬಿ ಚೀಟಿಯ ಕೆಳಗೆ, ಅದೇ ಹಾಡು ಸ್ಯಾಂಪ್ಲರಿನಲ್ಲೂ ಇದೆ. ಎಷ್ಟೋ ಜನ ಕೊಂಡ ತಟ್ಟೆಯಾದ್ದರಿಂದ ಬ್ರಿಟನ್ನಿನ ಹಳೆಯ ತಟ್ಟೆಗಳ ಅಂಗಡಿಗಳಲ್ಲಿ ಇನ್ನೂ ಕೆಲವೇ ಪೌಂಡಿಗೆ ಸಿಗುತ್ತದೆ. ಹೊದಿಕೆಯ ಅಂಚು ಸವೆದಿರುತ್ತದೆ, ಮೂಲೆಯಲ್ಲಿ ಯಾವುದೋ ಹುಡುಗಿಯ ಹೆಸರು ಬಾಲ್‌ಪೆನ್ನಿನಲ್ಲಿ ಬರೆದಿರುತ್ತದೆ. ಎರಡನೇ ಮಗ್ಗುಲಿನ ಮೂರನೆಯ ಗೀರಿನಲ್ಲಿ ಮುಳ್ಳು ಇಳಿಸಿದರೆ ಮೊದಲು ಚರಚರ ಸದ್ದು, ಆಮೇಲೆ ಗಿಟಾರು.